ಸಾಕು ಅಂದ ಜಾಗದಿಂದ ಮುಂದೆ

ಮಾರ್ಚ್ ೩, ಸೋಮವಾರ

ಕೆಂಪು ಚುಕ್ಕಿ ಮಿನುಗ್ತಿದೆ, ಅಂದ್ರೆ ಕೇಳಿಸ್ಕೊಳ್ತಿದೀಯ ಅಂತ ಲೆಕ್ಕ. ನಮಸ್ಕಾರ ಫೋನಪ್ಪಾ. ಇವತ್ತಿಂದ ನನ್ನ ಮಾತಿಗೆಲ್ಲ ನೀನೇ ಗತಿ. ಹೆಂಡತಿ ಆಜ್ಞೆ ಆಗಿದೆ. ಅವಳು ಹಲ್ಲಿನ ಡಾಕ್ಟ್ರು. ಬೆಳಗ್ಗೆಯಿಂದ ಸಂಜೆವರೆಗೂ ಬಾಯಿ ತೆರೆದಿಟ್ಟು ಒಂದು ಮಾತೂ ಆಡದ ಜನರ ಜೊತೆ ಅವಳ ಕೆಲಸ. ಮನೆಗೆ ಬಂದ್ರೆ ನಾನು. "ರೀ, ಕಾನ್ಸರ್ಟಿಗೆ ಯಾವ ಸಂಗೀತ, ಯಾವ ಸಂಗೀತ ಅಂತ ಊಟಕ್ಕೆ ಕೂತಾಗಿಂದ ಕೊರೀತಿದೀರ. ಕೊರೆಯೋದು ನನ್ನ ಕೆಲಸ. ನೀವು ಫೋನಿಗೆ ಹೇಳ್ಕೊಳ್ಳಿ, ಅದಕ್ಕೆ ನೋವಾಗಲ್ಲ" ಅಂದ್ಲು.

ಸರಿ ಅಂತ ಸ್ಕೂಲ್ ಹಿಂದೆ ಕಾರಲ್ಲೇ ಕೂತ್ಕೊಂಡು ಹೇಳ್ತಿದೀನಿ. ನಾನು ಹೈಸ್ಕೂಲಲ್ಲಿ ತಂತಿವಾದ್ಯದ ಮೇಷ್ಟ್ರು. ವಯಲಿನ್, ಅದರ ದಪ್ಪ ಅಕ್ಕ ವಿಯೋಲಾ, ಮಂಡಿ ನಡುವೆ ಇಟ್ಕೊಂಡು ನುಡಿಸೋ ಚೆಲ್ಲೊ, ಆಳಿಗಿಂತ ಎತ್ತರದ ಡಬಲ್ ಬೇಸ್, ಇವೆಲ್ಲ ಸೇರಿ ನಮ್ಮ ಆರ್ಕೆಸ್ಟ್ರಾ. ಗೋಡೆ ಆಚೆ ಊದೋರು ಬಡಿಯೋರು. ಅವರ ಮೇಷ್ಟ್ರಿಗೆ ಸ್ಕೂಲೆಲ್ಲ ಕಹಳೆ ಅಂತಾನೇ ಕರೆಯೋದು. ಒಳ್ಳೆಯವನೇ, ಆದ್ರೆ ಅವನ ಮಕ್ಕಳು ಊದಿದ್ರೆ ನಮ್ಮ ಕೋಣೆ ಕಿಟಕಿ ಗಾಜು ತಾಳ ಹಾಕುತ್ತೆ.

ವರ್ಷದ ಕಾನ್ಸರ್ಟಲ್ಲಿ ಯಾವಾಗಲೂ ನಾವು ಮೊದಲು, ಅವರು ಕೊನೆ. ಮೊದಲು ಅಂದ ತಕ್ಷಣ ಏನೋ ಮರ್ಯಾದೆ ಅಂದ್ಕೋಬೇಡ. ಜನ ಕುರ್ಚಿ ಹುಡುಕ್ತಾ, ಈ ಚಳಿ ದೇಶದಲ್ಲಿ ಏಪ್ರಿಲಲ್ಲೂ ಬಿಡದ ಕೋಟು ಬಿಚ್ತಾ, "ಇಲ್ಲಿ ಯಾರಾದ್ರೂ ಇದಾರಾ?" ಅಂತ ಕೇಳ್ತಾ ಇರೋವಾಗ ನಾವು ನುಡಿಸ್ತಿರ್ತೀವಿ. ಎಷ್ಟೋ ವರ್ಷದಿಂದ ಹೆಡ್ ಮೇಡಂ ಹಿಂದೆ ಬಿದ್ದಿದ್ದೆ. ಇವತ್ತು ಒಪ್ಕೊಂಡ್ರು.

"ಮೇಷ್ಟ್ರೇ, ಈ ಸಲ ಕೊನೆಗೆ ನೀವು. ನನ್ನ ತಲೆ ತಿಂದಿದ್ದು ಮುಗೀಲಿ. ಆದ್ರೆ ಬ್ಯಾಂಡ್ ಆದ್ಮೇಲೆ ಜನ ಎದ್ದು ಹೋದ್ರು ಅಂತಿಟ್ಕೊಳ್ಳಿ, ಮುಂದಿನ ವರ್ಷದಿಂದ ಮತ್ತೆ ಮೊದಲಿಗೇ. ಆಮೇಲೆ ಈ ವಿಷಯಕ್ಕೆ ನನ್ನ ಬಾಗಿಲು ತಟ್ಟೋ ಹಾಗಿಲ್ಲ."

ಕಹಳೆ ಊದಿ ಮುಗಿಸಿದ ಮೇಲೆ ಜನರ ಕಿವೀಲಿ ಏನು ಉಳಿದಿರುತ್ತೆ? ಅಂಥಾ ಕಿವಿಗೆ ಯಾವ ಸಂಗೀತ ಕೊಡೋದು? ಇದೇ ಈಗ ನನ್ನ ತಲೆನೋವು.

ಮಾರ್ಚ್ ೫, ಬುಧವಾರ

ಮಕ್ಕಳನ್ನ ಕೇಳಿ ಕೆಟ್ಟೆ. ವಯಲಿನ್ ಮುಂದಾಳು ಮಿಂಚು ಇದಾಳಲ್ಲ, ಎಲ್ಲರಿಗಿಂತ ಮುಂಚೆ ಶುರು ಮಾಡಿ ಎಲ್ಲರಿಗಿಂತ ಮುಂಚೆ ಮುಗಿಸೋಳು, ಅವಳಿಗೆ ಯಾವುದೋ ವಿಡಿಯೋ ಗೇಮಿನ ಸಂಗೀತ ಬೇಕಂತೆ. "ಸಾರ್, ಕೊನೇಲಿ ಕೋಟೆ ಬೀಳುತ್ತೆ!" ಡಬಲ್ ಬೇಸ್ ಹುಡುಗ ಬೀರು, ಆ ಅಡ್ಡಹೆಸರು ಯಾಕೆ ಬಂತು ಅಂತ ಅವನ ಕಪಾಟಿನಂಥ ಮೈ ನೋಡಿದ್ರೆ ಗೊತ್ತಾಗುತ್ತೆ, "ನಂಗೆ ಯಾವುದಾದ್ರೂ ಸರಿ ಸಾರ್, ನಿಂತು ನುಡಿಸೋನು ನಾನು, ಬೇಗ ಮುಗೀಲಿ" ಅಂದ. ಚೆಲ್ಲೊ ನುಡಿಸೋ ಹುಡುಗಿಗೆ ಎಲ್ಲರೂ ಅಜ್ಜಿ ಅಂತಾರೆ. ಹದಿನಾರು ವಯಸ್ಸಿಗೇ ಶಾಲು, ಬಿಸಿನೀರಿನ ಫ್ಲಾಸ್ಕು, ಎಲ್ಲರಿಗೂ ಬುದ್ಧಿವಾದ. ಅವಳೇನೋ ಹೇಳೋಕೆ ಬಾಯಿ ತೆಗೆದ್ಲು. ಅಷ್ಟರಲ್ಲಿ ನಂಗೊಂದು ಹೊಳೀತು ನೋಡು, ಬಿರುಗಾಳಿ!

ನಾಲ್ಕು ಭಾಗ ಇರೋ ದೊಡ್ಡ ಕೃತಿ. ಗುಡುಗು, ಸಿಡಿಲು, ಓಡೋ ಕುದುರೆ, ಎಲ್ಲಾ ತಂತೀಲೇ. ಕಹಳೆಗೆ ಉತ್ತರ ಅಂದ್ರೆ ಇದು. ಹಾಡಿ ತೋರಿಸಿದೆ, ನಾಲ್ಕೂ ಭಾಗ. ಗಂಟೆ ಹೊಡೆದಾಗ ಬೀರು ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡ್ತಿದ್ದ.

ಮನೇಲಿ ಅವಳು ಯಾರೋ ಪೇಶಂಟ್ ಕಥೆ ಶುರು ಮಾಡಿದ್ಲು. ಒಬ್ಬ ತಾತ, ಹೊಸ ಹಲ್ಲಿನ ಸೆಟ್ಟು, ಬಸ್ಸಲ್ಲಿ ಕೂತು ಏನೋ ಆಯ್ತಂತೆ. ಅದನ್ನ ಕೇಳ್ತಿದ್ದಂಗೆ ಬಿರುಗಾಳಿಯ ಮೂರನೇ ಭಾಗ ತಲೆಗೆ ಬಂತು, ಹೇಳ್ಬಿಟ್ಟೆ. ಅವಳು ತಟ್ಟೆ ಎತ್ಕೊಂಡು ಎದ್ಲು.

ಮಾರ್ಚ್ ೧೦, ಸೋಮವಾರ

ಬಿರುಗಾಳಿಯ ಸ್ವರ ಬರೆದ ಹಾಳೆಗಳು ಬಂದ್ವು, ಹಂಚಿದೆ. ಮೊದಲ ಅಭ್ಯಾಸ. ಬಿರುಗಾಳಿ ಬೀಸಿತು ಅನ್ನೋಕಾಗಲ್ಲ, ಯಾರೋ ಕಿಟಕಿ ಮುಚ್ಚಿದಂಗಾಯ್ತು.

ಮಿಂಚು ಓಡಿದ್ಲು, ಉಳಿದ ವಯಲಿನ್ನೆಲ್ಲ ಅವಳ ಹಿಂದೆ ಬಸ್ ತಪ್ಪಿಸ್ಕೊಂಡೋರ ಹಾಗೆ. ವಿಯೋಲಾದ ಮೂವರಿಗೆ ಎರಡು ಪುಟ ಪೂರ್ತಿ ಒಂದೇ ಸ್ವರ ಎಳೆಯೋದು. ಅದರಲ್ಲೊಬ್ಬ ಕೈ ಎತ್ತಿದ. "ಸಾರ್, ನಾನು ಮನೆಗೆ ಹೋಗಿ ತಿಂಡಿ ತಿಂದು ಬಂದ್ರೂ ಇದೇ ಸ್ವರ ನಡೀತಿರುತ್ತೆ." ಎಲ್ಲಾ ನಕ್ಕರು, ನಾನೂ ನಕ್ಕೆ. ಆಮೇಲೆ ಒಂದು ಸ್ವರದ ಮಹತ್ವದ ಬಗ್ಗೆ ವಿವರವಾಗಿ ಮಾತಾಡಿದೆ. ಚೆನ್ನಾಗೇ ಮಾತಾಡಿದೆ, ನಾನೇ ಹೇಳ್ತೀನಿ.

ಮಾರ್ಚ್ ೧೪, ಶುಕ್ರವಾರ

ಗೋಡೆ ಆಚೆ ಕಹಳೆ ಬ್ಯಾಂಡಿನ ಹೊಸ ಕವಾಯತು ಸಂಗೀತ. ಈಚೆ ನಮ್ಮ ಬಿರುಗಾಳಿ. ನಡುವೆ ನನ್ನ ಗಂಟಲು. "ವಯಲಿನ್, ಕಮಾನು ತುದೀಲಿ! ತುದೀಲಿ!" ಅಂತ ಕಿರುಚ್ತೀನಿ, ಆ ಕಡೆಯಿಂದ ಢಂ ಅನ್ನುತ್ತೆ. ಮತ್ತೆ ಕಿರುಚ್ತೀನಿ. ಊಟದ ಹೊತ್ತಲ್ಲಿ ಕಹಳೆ ಬಂದು, "ಏನಯ್ಯಾ, ನಿಮ್ಮ ಕೃತೀಲಿ ಹಾಡೋ ಪಾರ್ಟೂ ಇದೆಯಾ? ಯಾರೋ ಒಬ್ಬನೇ ಗಂಟಲು ಹರ್ಕೊಂಡು ಹಾಡ್ತಿದ್ದ" ಅಂದ. ನಾನೇ ಅಂತ ಹೇಳಲಿಲ್ಲ.

ಗಂಟಲಲ್ಲಿ ಏನೋ ಗರಗಸ ಆಡಿಸಿದಂಗಿದೆ. ಇವತ್ತು ಇಷ್ಟೇ.

ಮಾರ್ಚ್ ೧೭, ಸೋಮವಾರ

ಪಿಸುಗುಟ್ತಿದೀನಿ. ಸ್ವರ ಹೋಯ್ತು. ಪೂರ್ತಿ. ಗಂಟಲ ಡಾಕ್ಟ್ರು ಒಂದು ವಾರ ತುಟಿ ಬಿಚ್ಚಬೇಡಿ ಅಂದ್ರು, ಪಿಸುಮಾತೂ ಬೇಡವಂತೆ. ಹೆಂಡತಿ ಅವರ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ ರೀತಿ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತು.

ಮಾರ್ಚ್ ೧೮, ಮಂಗಳವಾರ

ಬಿಳಿ ಹಲಗೆ ಕತ್ತಿಗೆ ನೇತಾಕ್ಕೊಂಡು ಸ್ಕೂಲಿಗೆ ಹೋದೆ. ಅದರಲ್ಲಿ ಮಾತಾಡೋಕಾಗಲ್ಲಪ್ಪಾ. ಬರೆದು ಮುಗಿಸೋ ಹೊತ್ತಿಗೆ ಎದುರಿಗಿದ್ದೋರು ಹೋಗಿರ್ತಾರೆ.

ಮಾರ್ಚ್ ೧೯, ಬುಧವಾರ

ಡಾಕ್ಟ್ರಿಗೆ ಹೇಳ್ಬೇಡ. ಇದನ್ನ ಹೇಳದೇ ಇರೋಕಾಗಲ್ಲ.

ಮೊದಲು ಒಂದು ವಿಷಯ ತಿಳ್ಕೋ. ನಮ್ಮ ಅಭ್ಯಾಸ ಶುರುವಾಗೋದು ನಾನೇ ಕಟ್ಟಿದ ಎಂಟು ಸಾಲಿನ ಸಂಗೀತದಿಂದ. ಕೈ ಬೆಚ್ಚಗಾಗಲಿ ಅಂತ ಈ ಸ್ಕೂಲಿಗೆ ಬಂದ ಹೊಸದರಲ್ಲಿ ಮಾಡಿದ್ದು. ಬೇಸ್ ಒಂದೇ ಒಂದು ತಂತಿ ಎಳೆಯುತ್ತೆ, ಆಮೇಲೆ ಚೆಲ್ಲೊ ಸೇರ್ಕೊಳ್ಳುತ್ತೆ, ಆಮೇಲೆ ವಿಯೋಲಾ, ಕೊನೆಗೆ ವಯಲಿನ್. ಎಂಟನೇ ಸಾಲು ಮುಗೀತಿದ್ದಂಗೆ ನಾನು ಕೈ ತಟ್ಟಿ "ಸಾಕು!" ಅಂದು, ಮಾತು ಶುರು ಮಾಡ್ತೀನಿ. ಪ್ರತಿ ದಿನ, ಪ್ರತಿ ವರ್ಷ ಹೀಗೇ.

ಇನ್ನೊಂದು, ಕ್ಲಾಸಿಗೆ ನಾನು ಸ್ವಲ್ಪ ತಡವಾಗೇ ಬರೋದು. ಸ್ಟಾಫ್ ರೂಮಲ್ಲಿ ಯಾರಾದ್ರೂ ಸಿಗ್ತಾರೆ, ಮಾತಾಡ್ತಾ ಬರ್ತೀನಿ. ನಾನು ಮೆಟ್ಟಿಲು ಹತ್ತೋದೇ ಅವರಿಗೆ ಕೇಳುತ್ತಂತೆ.

ನಿನ್ನೆ ಮಕ್ಕಳ ಜೊತೇಲೇ ಒಳಗೆ ಬಂದಿದ್ದೆ. ಇವತ್ತು ತಡವಾಯ್ತು, ಆದ್ರೆ ಅವರಿಗೆ ಕೇಳಲಿಲ್ಲ. ಸ್ವರ ಇಲ್ವಲ್ಲ! ಬಾಗಿಲ ಹತ್ರ ಬಂದೆ, ಒಳಗೆ ಆ ಎಂಟು ಸಾಲು ನಡೀತಿತ್ತು. ಎಂಟನೇದು ಮುಗೀತು. ನನ್ನ ಕೈ ತಾನೇ ಮೇಲೆದ್ದಿತ್ತು. ಆದ್ರೆ ಅವರು ನಿಲ್ಲಿಸ್ಲೇ ಇಲ್ಲ. ಒಂಬತ್ತನೇ ಸಾಲಿಗೆ ಹೋದ್ರು. ಒಂಬತ್ತನೇ ಸಾಲು ಅಂತ ಒಂದು ಇಲ್ವೇ ಇಲ್ಲ ಫೋನಪ್ಪಾ! ನಾನು ಬರೆದೇ ಇಲ್ಲ!

ಒಂದು ರಾಗ ಎದ್ದಿತು, ವಿಯೋಲಾದಲ್ಲಿ. ಆ ತಿಂಡಿ ಹುಡುಗ ಕಣ್ಣು ಮುಚ್ಕೊಂಡು ನುಡಿಸ್ತಿದಾನೆ. ಕೆಳಗೆ ಚೆಲ್ಲೊಗಳು ತೊಟ್ಟಿಲು ತೂಗೋ ಹಾಗೆ. ಮಿಂಚು ಕಾಯ್ತಿದಾಳೆ, ನಂಬ್ತೀಯಾ, ತನ್ನ ಸರದಿಗೆ ಕಾಯ್ತಿದಾಳೆ! ಆಮೇಲೆ ಎಲ್ಲರೂ ಕಮಾನು ಕೆಳಗಿಟ್ಟು ಬೆರಳಲ್ಲಿ ಮೀಟಿದ್ರು, ಆ ಸದ್ದು ನಮ್ಮ ಹಾಳು ಕೋಣೆ ತುಂಬಾ... ಹೇಳೋಕೆ ಬರ್ತಿಲ್ಲ. ಗಂಟಲು ನೋಯ್ತಿರೋದಕ್ಕೆ ಇರ್ಬೇಕು.

ಬಾಗಿಲು ಕಿರ್ರ್ ಅಂತು. ಎಲ್ಲಾ ಗಪ್‌ಚಿಪ್. ಬೀರು ಬೇಸ್ ಹಿಂದೆ ಅಡಗೋಕೆ ನೋಡಿದ. ಅವನು ಅದರ ಹಿಂದೆ ಹಿಡೀಬೇಕಲ್ಲ.

ಮಾರ್ಚ್ ೨೦, ಗುರುವಾರ

ಹಲಗೇಲಿ ಬರೆದೆ, "ಏನದು?"

ಅಜ್ಜಿ ಶಾಲು ಸರಿ ಮಾಡ್ಕೊಂಡ್ಲು. "ಸಾಕು, ಸಾರ್."

ಸಾಕು ಅಂದ್ರೆ? ಅಂತ ಕೈ ಆಡಿಸಿದೆ.

"ಅದರ ಹೆಸರೇ ಸಾಕು. ನೀವು ದಿನಾ ಅಲ್ಲಿ ಸಾಕು ಅಂತೀರಲ್ಲ, ಅದಕ್ಕೇ. ನೀವು ಬರೋವರೆಗೂ ಮುಂದಕ್ಕೆ ನುಡಿಸ್ಕೊಳ್ತಿದ್ವಿ. ಇದು ನಾವೇ ಮಾಡಿದ್ದಲ್ಲ. ನಾವು ಸೇರ್ಕೊಂಡಾಗ ಅರ್ಧ ಇತ್ತು. ಮೀಟೋದು ಹೋದ ವರ್ಷದ ಅಕ್ಕಂದಿರು ಸೇರಿಸಿದ್ದು. ವಿಯೋಲಾ ರಾಗ ಅದಕ್ಕೂ ಹಿಂದಿನೋರದು. ಕೊನೆ ನಮ್ಮದು."

"ಎಲ್ಲೂ ಬರೆದಿಟ್ಟಿಲ್ಲ ಸಾರ್, ಒಬ್ಬರಿಗೊಬ್ಬರು ಹೇಳ್ಕೊಟ್ಟಿದ್ದು," ಅಂದ್ಲು ಮಿಂಚು. "ನಿಮ್ಮ ಮಾತು ಮೆಟ್ಟಿಲ ಹತ್ರ ಕೇಳಿದ ತಕ್ಷಣ ನಿಲ್ಲಿಸ್ಬಿಡ್ತಿದ್ವಿ."

"ಮೇಲಿನ ಮೆಟ್ಟಿಲು ಬಂದ್ರೂ ಅಲ್ಲೇ ಒಂದಷ್ಟು ಹೊತ್ತು ನಿಂತು ಮಾತಾಡ್ತೀರಲ್ಲ ಸಾರ್," ಅಂದ ಬೀರು. "ಬೇಕಾದಷ್ಟು ಟೈಮ್ ಸಿಗ್ತಿತ್ತು."

ನಿಜ ಹೇಳ್ತೀನಿ, ಮೊದಲು ಸಿಟ್ಟೇ ಬಂತು. ನನ್ನ ಎಂಟು ಸಾಲಿಗೆ ನನ್ನ ಕೇಳದೇ ಮಹಡಿ ಮೇಲೆ ಮಹಡಿ ಕಟ್ಟಿದಾರೆ, ನಂಗೆ ಗೃಹಪ್ರವೇಶಕ್ಕೂ ಕರೆದಿಲ್ಲ! ಬೈಬೇಕು ಅಂದ್ರೆ ಸ್ವರ ಇಲ್ಲ. ಹಲಗೇಲಿ ಬೈಯೋಕೆ ಶುರು ಮಾಡಿದೆ, ಜಾಗ ಸಾಲಲಿಲ್ಲ. ಅಳಿಸಿ, "ಇನ್ನೊಂದು ಸಲ" ಅಂತ ಬರೆದೆ.

ಪೂರ್ತಿ ನುಡಿಸಿದ್ರು. ಬಿರುಗಾಳಿ ಹಾಳೆಗಳನ್ನ ಕಪಾಟಿಗೆ ಹಾಕಿದೆ.

ಮಾರ್ಚ್ ೨೪, ಸೋಮವಾರ

ಸ್ವರ ಬಂತು! ಕೇಳ್ತಿದೀಯಾ? ಸ್ವಲ್ಪ ತುಕ್ಕು ಹಿಡಿದ ಗೇಟಿನ ಹಾಗಿದೆ, ಪರವಾಗಿಲ್ಲ.

ಶನಿವಾರ ಭಾನುವಾರ ಕೂತು ಅಷ್ಟನ್ನೂ ಬರೆದಿಳಿಸಿದೀನಿ. ಅಚ್ಚುಕಟ್ಟಾಗಿ, ಎಲ್ಲರಿಗೂ ಬೇರೆ ಬೇರೆ ಹಾಳೆ. ಅಲ್ಲಲ್ಲಿ ಸ್ವಲ್ಪ ತಿದ್ದಿದೀನಿ. ಕೊನೆ ತೀರಾ ಮೆತ್ತಗಿತ್ತು, ಕಹಳೆ ಆದ್ಮೇಲೆ ಅಷ್ಟು ಮೆತ್ತಗೆ ಮುಗಿಸಿದ್ರೆ ಆಗುತ್ತಾ? ಒಂದು ಭರ್ಜರಿ ಮುಕ್ತಾಯ ಹಾಕಿದೀನಿ, ಸ್ವಲ್ಪ ಬಿರುಗಾಳಿ ಥರ. ಮಕ್ಕಳು ಕುಣಿದಾಡ್ತಾರೆ ನೋಡು ನಾಳೆ.

ಮಾರ್ಚ್ ೨೮, ಶುಕ್ರವಾರ

ಕುಣಿಯಲಿಲ್ಲ.

ನಾಲ್ಕು ದಿನದಿಂದ ಒದ್ದಾಡ್ತಿದೀವಿ. ಅದೇ ಮಕ್ಕಳು, ಅದೇ ಸ್ವರ. ಹಾಳೆ ಮುಂದಿಟ್ಟಿದ್ದೇ ತಡ, ಎಲ್ಲಾ ಪರೀಕ್ಷೆ ಬರೆಯೋ ಮುಖ ಮಾಡ್ಕೊಂಡ್ರು. ವಿಯೋಲಾ ಹುಡುಗ ಕಣ್ಣು ಮುಚ್ಚೋದು ಬಿಟ್ಟು ಹಾಳೆಗೆ ಮೂಗು ತಾಗಿಸ್ಕೊಂಡು ಎಣಿಸ್ತಿದಾನೆ. ನಾನು ನಿಲ್ಲಿಸಿ ವಿವರಿಸ್ತೀನಿ. ಮತ್ತೆ ನಿಲ್ಲಿಸಿ ಇನ್ನೂ ಚೆನ್ನಾಗಿ ವಿವರಿಸ್ತೀನಿ. ವಿವರಿಸಿದಷ್ಟೂ ಸಪ್ಪೆ ಆಗ್ತಿದೆ.

ಇವತ್ತು ಕೊನೆಗೆ ಅಜ್ಜಿ ಫ್ಲಾಸ್ಕಿಂದ ಬಿಸಿನೀರು ಬಗ್ಗಿಸಿ ನನ್ನ ಕೈಗೆ ಕೊಟ್ಲು. "ಸಾರ್, ತಪ್ಪು ತಿಳ್ಕೋಬೇಡಿ. ಗಂಟಲಿಗೆ ಒಳ್ಳೇದು, ಕುಡೀರಿ. ಕುಡಿಯೋವರೆಗೆ ಸ್ವಲ್ಪ ಹೊರಗೆ ನಿಂತ್ಕೊಳ್ತೀರಾ?"

"ನಾನಾ?"

"ಬಾಗಿಲು ಹಾಕ್ಕೊಳ್ಳಿ ಸಾರ್," ಅಂದ ಬೀರು, ತುಂಬಾ ಮರ್ಯಾದೆಯಿಂದ.

ನಿಂತೆ. ನನ್ನದೇ ಕ್ಲಾಸಿಂದ ನನ್ನನ್ನೇ ಹೊರಗೆ ಹಾಕಿದಾರೆ, ಕೈಯಲ್ಲಿ ಬಿಸಿನೀರು! ಕಹಳೆ ಆ ಕಡೆಯಿಂದ ಬಂದ. "ಏನಯ್ಯಾ, ಏನು ತಪ್ಪು ಮಾಡಿದೆ? ಹೋಂವರ್ಕ್ ಮಾಡಿರ್ಲಿಲ್ವಾ?" ಅಂತ ನಗ್ತಿದ್ದ. ಒಳಗೆ ಶುರುವಾಯ್ತು. ಅವನು ನಗೋದು ನಿಲ್ಲಿಸಿ ಗೋಡೆಗೆ ಒರಗಿದ. ಮುಗಿಯೋವರೆಗೂ ಇಬ್ಬರೂ ಅಲ್ಲೇ ನಿಂತಿದ್ವಿ. ನೀರು ಆರಿ ತಣ್ಣಗಾಗಿತ್ತು.

ಒಳಗೆ ಹೋಗಿ ಹಾಳೆಗಳನ್ನೆಲ್ಲ ವಾಪಸ್ ತಗೊಂಡೆ. ಮುಕ್ತಾಯ ಭರ್ಜರಿಯಾಗಿತ್ತು, ಇರ್ಲಿ, ಇನ್ಯಾವತ್ತಾದ್ರೂ ಕೆಲಸಕ್ಕೆ ಬರುತ್ತೆ.

ಏಪ್ರಿಲ್ ೩, ಗುರುವಾರ

ಹೆಡ್ ಮೇಡಂ ಕಾರ್ಯಕ್ರಮದ ಪಟ್ಟಿ ಅಚ್ಚಿಗೆ ಕಳಿಸ್ತಿದಾರೆ. "ಬಿರುಗಾಳಿ ಅಂತ ಹಾಕ್ಲಾ?"

"ಬೇಡ ಮೇಡಂ. ಸಾಕು."

"ಏನು ಸಾಕು? ಇನ್ನೂ ಒಂದೂ ಹೇಳಿಲ್ವಲ್ಲ ನೀವು."

"ಕೃತಿ ಹೆಸರೇ ಸಾಕು ಮೇಡಂ."

ಕನ್ನಡಕದ ಮೇಲಿಂದ ನೋಡಿದ್ರು. "ಯಾರು ರಚಿಸಿದ್ದು?"

ನನ್ನ ಹೆಸರು ಬಾಯಿ ತುದೀಲಿತ್ತು. ಎಂಟು ಸಾಲು ನನ್ನದು, ಸುಳ್ಳಲ್ಲ. "ನಮ್ಮ ಆರ್ಕೆಸ್ಟ್ರಾದ ಎಲ್ಲಾ ವರ್ಷದ ಮಕ್ಕಳು ಅಂತ ಹಾಕಿ" ಅಂದೆ. ಹೊರಗೆ ಬರೋವಾಗ, "ಮೇಷ್ಟ್ರೇ, ಹುಷಾರಾಗಿದೀರಾ? ಇಷ್ಟು ಬೇಗ ಎದ್ದು ಹೋಗ್ತಿದೀರ" ಅಂದ್ರು. ಏನು ಹೇಳಿದ್ರೋ ಅರ್ಥ ಆಗಲಿಲ್ಲ.

ಏಪ್ರಿಲ್ ೧೦, ಗುರುವಾರ

ನಾಳೆ ಕಾನ್ಸರ್ಟು. ಇವತ್ತು ಕಹಳೆಯ ಕೊನೇ ಅಭ್ಯಾಸ ನೋಡ್ದೆ. ಎರಡು ದೊಡ್ಡ ನಗಾರಿ ತರಿಸಿದಾನೆ. ಮುಗಿಯೋವಾಗ ಚಾವಣಿಯಿಂದ ಸುಣ್ಣ ಉದುರ್ತು. ಅದರ ಹಿಂದೆ ನಾವು, ಬೀರು ಒಂದೇ ಒಂದು ತಂತಿ ಎಳ್ಕೊಂಡು ಶುರು ಮಾಡೋದು. ಬಿರುಗಾಳೀನೇ ಇಟ್ಕೋಬೇಕಿತ್ತಾ?

ಜನ ಕೂರೋ ಹಾಗೆ ಮಾಡೋಕೆ ಒಂದೇ ದಾರಿ, ಮೊದಲು ನಾಲ್ಕು ಮಾತು. ಸಾಕು ಹೇಗೆ ಹುಟ್ಟಿತು, ಯಾರ ಯಾರ ಕೈ ದಾಟಿ ಬಂತು, ಇದೆಲ್ಲ. ಭಾಷಣ ಬರೆದಿದೀನಿ. ಒಂದೇ ಹಾಳೆ. ಎರಡೂ ಕಡೆ.

ಏಪ್ರಿಲ್ ೧೨, ಶನಿವಾರ

ನಿನ್ನೆ ಹೇಳೋಕಾಗಲಿಲ್ಲ. ಈಗ ಕೇಳು.

ಹಾಲ್ ತುಂಬಿತ್ತು. ಕಹಳೆ ಮಕ್ಕಳು ಊದಿ ಬಡಿದು ಧೂಳೆಬ್ಬಿಸಿದ್ರು, ಜನ ಎದ್ದು ನಿಂತು ಚಪ್ಪಾಳೆ. ಅಲ್ಲೇ ಆಗಿದ್ದು ಎಡವಟ್ಟು. ಚಪ್ಪಾಳೆಗೆ ಅಂತ ನಿಂತೋರು ಹಾಗೇ ಕೋಟು ಹಾಕ್ಕೊಳ್ಳೋಕೆ ಶುರು ಮಾಡಿದ್ರು. ಕುರ್ಚಿ ಕಿರುಗುಟ್ತಿವೆ, ಕಾರಿನ ಕೀ ಝಣಝಣ. ನನ್ನ ಮಕ್ಕಳು ವೇದಿಕೆ ಮೇಲೆ ಕೂತಾಗಿತ್ತು. ಮೊದಲ ಸಾಲಲ್ಲಿ ಹೆಡ್ ಮೇಡಂ ಹಿಂತಿರುಗಿ ಬಾಗಿಲ ಕಡೆ ನೋಡ್ತಿದಾರೆ.

ಓಡಿ ಮೈಕ್ ಹಿಡಿದೆ. ಭಾಷಣದ ಹಾಳೆ ಬಿಡಿಸಿದೆ. ಮೂರನೇ ಸಾಲಲ್ಲಿ ನನ್ನ ಹೆಂಡತಿ ಕಾಣಿಸಿದ್ಲು, ಆಗಲೇ ಕಣ್ಣು ಮುಚ್ಕೊಂಡಿದ್ಲು, ನನ್ನ ಭಾಷಣಕ್ಕೆ ತಯಾರಾಗೋ ರೀತಿ ಅದು. ಈ ಕಡೆ ನೋಡಿದ್ರೆ ಬೀರು ಕಮಾನು ತಂತಿ ಮೇಲಿಟ್ಟು ಕಾಯ್ತಿದಾನೆ. ನನ್ನ ಹಾಳೆ ಕಂಡು ಕಮಾನು ಕೆಳಗಿಳಿಸಿ ಬೇಸಿಗೆ ಒರಗೋಕೆ ಹೋದ.

ಹಾಳೆ ಮಡಚಿ ಜೇಬಿಗೆ ಹಾಕ್ಕೊಂಡೆ. ಮೈಕ್ ಆಫ್ ಮಾಡಿದೆ. ಬೀರುಗೆ ತಲೆ ಆಡಿಸಿ, ಪಕ್ಕದ ಬಾಗಿಲ ಹತ್ರ ಹೋಗಿ ನಿಂತೆ, ಸ್ಕೂಲಲ್ಲಿ ನಿಂತಿದ್ದೆನಲ್ಲ, ಹಾಗೇ.

ಬೀರು ಎಳೆದ. ಜನ ಮಾತಾಡ್ತಾನೇ ಇದ್ರು. ತಂತಿ ಶ್ರುತಿ ಮಾಡ್ಕೊಳ್ತಿದಾರೆ ಅಂದ್ಕೊಂಡಿದ್ರು ಪಾಪ. ಚೆಲ್ಲೊ ಸೇರ್ಕೊಂಡ್ತು. ವಿಯೋಲಾ. ವಯಲಿನ್. ಜನರ ಮಾತು ಒಂದೊಂದೇ ಕುರ್ಚಿ ಸಾಲಲ್ಲಿ ನಿಲ್ತಾ ಹೋಯ್ತು. ಎಂಟನೇ ಸಾಲು ಮುಗೀತು. ಆಗ ಏನಾಯ್ತು ಗೊತ್ತಾ? ಅಭ್ಯಾಸಬಲ, ಅಷ್ಟೂ ಮಕ್ಕಳು ಕಮಾನು ಎತ್ತಿ ನನ್ನ ಕಡೆ ನೋಡಿದ್ರು. ಹಾಲಲ್ಲಿ ಒಂದು ಸದ್ದಿಲ್ಲ. ಮಿಂಚು ತುಟಿ ಕಚ್ಚಿ ನಗು ತಡ್ಕೊಂಡಿದಾಳೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡೆ.

ಒಂಬತ್ತನೇ ಸಾಲು ಶುರುವಾಯ್ತು.

ಒಬ್ಬ ಕೋಟಿನ ಒಂದು ತೋಳು ಹಾಕ್ಕೊಂಡು, ಇನ್ನೊಂದು ಹಾಕ್ಕೊಳ್ಳದೇ, ನಡುದಾರೀಲಿ ಕೊನೇವರೆಗೂ ನಿಂತಿದ್ದ. ಹಿಂದಿನ ಸಾಲಲ್ಲಿ ಮೂರ್ನಾಲ್ಕು ಜನ ದೊಡ್ಡ ಹುಡುಗೀರು, ಹೋದ ವರ್ಷ ಪಾಸಾಗಿ ಹೋದೋರು, ಮೀಟೋ ಭಾಗ ಬಂದ ತಕ್ಷಣ ಒಬ್ಬರನ್ನೊಬ್ಬರು ಹಿಡ್ಕೊಂಡ್ರು, ಬೆರಳು ತಮ್ಮ ಮಂಡಿ ಮೇಲೇ ಆಡ್ತಿತ್ತು. ಅವರಿಗೆ ಹೇಳ್ಕಳಿಸಿದ್ದು ಅಜ್ಜಿನೇ ಅಂತೆ.

ಕೊನೆ ಮೆತ್ತಗೇ ಮುಗೀತು. ಆಮೇಲೆ ತಟ್ಟಿದ್ರು ನೋಡು. ಸುಣ್ಣ ಉದುರಲಿಲ್ಲ, ಆದ್ರೆ ಕಹಳೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕ್ದ. ಹೆಡ್ ಮೇಡಂ ಹತ್ರ ಬಂದು, "ಮುಂದಿನ ವರ್ಷವೂ ಕೊನೆಗೇ. ನನ್ನ ಬಾಗಿಲಿಗೆ ಬರೋದೇ ಬೇಡ" ಅಂದ್ರು.

ಏಪ್ರಿಲ್ ೧೪, ಸೋಮವಾರ

ಇವತ್ತು ಹೇಳೋಕೆ ಏನೂ ಇಲ್ಲಪ್ಪಾ. ಅಭ್ಯಾಸ ಆಯ್ತು. ಬೀರು ಹೊಸದಾಗಿ ಏನೋ ಸೇರಿಸ್ಬೇಕಂತೆ, ಈ ಸಲ ಬೇಸಿಗೆ. ಕಹಳೆ ತನ್ನ ಮಕ್ಕಳಿಗೂ ಎಂಟು ಸಾಲು ಬರ್ಕೊಡು ಅಂತ ಹಿಂದೆ ಬಿದ್ದಿದಾನೆ.

ಅಡುಗೆಮನೆ ಮೇಜಿನ ಮೇಲೆ ನೀನು, ಎದುರಿಗೆ ಇವಳು. ಫೋನ್ ತಗೊಂಡು ಕಾರಿಗೆ ಹೋಗ್ಲಿಲ್ವಾ ಅಂತ ಕೇಳ್ತಿದಾಳೆ. ಹೊರಗೆ ಚಳಿ ಅಂದೆ.

"ಅದಿರ್ಲಿ, ಆ ತಾತಂದು ಏನಾಯ್ತೇ? ಹಲ್ಲಿನ ಸೆಟ್ಟು, ಬಸ್ಸು?"

"ಯಾವ ತಾತ... ಅಯ್ಯೋ, ಅದು ಹೋದ ತಿಂಗಳ ಕಥೆ ಕಣ್ರೀ! ನಿಮಗೆ ಈಗ ಯಾಕೆ?"

"ಹೇಳು."

"ಕೇಳೋ ಹಾಗಿದ್ರೆ ಹೇಳ್ತೀನಿ. ಹೊಸಾ ಸೆಟ್ಟು, ಒತ್ತುತ್ತೆ ಅಂತ ತೆಗೆದು ಕರ್ಚೀಫಲ್ಲಿ ಸುತ್ತಿ ಪಕ್ಕದ ಸೀಟಲ್ಲಿ ಇಟ್ಟಿದಾರೆ. ಪಕ್ಕದಲ್ಲಿದ್ದ ಹೆಂಗಸು ತನ್ನದೇ ಕರ್ಚೀಫು ಅಂತ ಚೀಲಕ್ಕೆ ಹಾಕ್ಕೊಂಡು ಇಳಿದ್ಬಿಟ್ಟಿದಾಳೆ. ತಾತ ಕಿಟಕೀಲಿ ಕೂಗ್ತಿದಾರೆ, ಹಲ್ಲಿಲ್ಲದೆ ಏನು ಕೂಗ್ತಿದಾರೆ ಅಂತ ಒಬ್ಬರಿಗೂ ತಿಳೀತಿಲ್ಲ..."

ತಾಳು ಫೋನಪ್ಪಾ, ನಿನ್ನ ಆಫ್ ಮಾಡ್ತೀನಿ.